ಕೆಜಿಎಫ್‌ನ ಸಂಜೆ ಪಾಠಕ್ಕೂ ಹಳೇ ಬೌದ್ಧ ಪುಸ್ತಕಗಳಿಗೂ ನಿಮ್ಮ ನೆರವು ಬೇಕು

ಎಲ್ಲರಿಗೂ ನಮೋ ಬುದ್ಧಾಯ, ಜೈಭೀಮ್.

ಬೌದ್ಧ ದೀಕ್ಷೆ ಅಂದ ಕೂಡಲೇ ಬಹಳ ಜನರಿಗೆ ಬಾಬಾಸಾಹೇಬ್ ಅಂಬೇಡ್ಕರ್ ದೀಕ್ಷೆ ಪಡೆದ 1956ರ ನಾಗಪುರ ನೆನಪಾಗುತ್ತದೆ. ನೆನಪಾಗಲೇಬೇಕು. ಆದರೆ ಅದಕ್ಕೂ ಹೆಚ್ಚುಕಡಿಮೆ ಅರ್ಧ ಶತಮಾನ ಮೊದಲೇ ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರು ಬುದ್ಧನ ದಾರಿ ಹಿಡಿದಿದ್ದರು. ಈ ವಿಷಯ ಕೋಲಾರದವರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ.

ತಮಿಳು ಬೌದ್ಧ ಚಿಂತಕ ಪಂಡಿತ ಅಯೋತಿದಾಸ್ ಅವರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆಯ ಕಾರ್ಮಿಕರು ಅದನ್ನು ತಮ್ಮದೇ ಮಾಡಿಕೊಂಡರು. ಗಣಿಯ ಆಳಕ್ಕಿಳಿದು ದುಡಿದು ಬಂದವರು ಸಭೆ ಸೇರಿದರು, ಓದಿದರು, ಓದಿಸಿದರು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕ ಶಾಲೆ ಎಂಬ ಪ್ರಕಾಶನದಿಂದ ಪಂಡಿತರ ಬರಹಗಳು ಅಚ್ಚಾಗಿ ಬಂದವು. ಅವರು 1907ರಲ್ಲಿ ಶುರು ಮಾಡಿದ ‘ತಮಿಳನ್’ ವಾರಪತ್ರಿಕೆ, 1914ರಲ್ಲಿ ಅವರು ತೀರಿಕೊಂಡ ಮೇಲೆ ಹೆಚ್ಚು ಕಾಲ ನಡೆಯಲಿಲ್ಲ. 1926ರಲ್ಲಿ ಪಂಡಿತರ ಅನುಯಾಯಿ ಅಪ್ಪಾದುರೈಯಾರ್ ಅದಕ್ಕೆ ಕೆಜಿಎಫ್‌ನಿಂದಲೇ ಮತ್ತೆ ಜೀವ ಕೊಟ್ಟರು.

ಆ ಕಾಲದ ಪುಸ್ತಕ, ಕರಪತ್ರ, ಸಭೆಯ ನೋಟೀಸುಗಳು ಈಗಲೂ ಗಣಿಯ ಲೈನ್ ಮನೆಗಳಲ್ಲಿ ಸಿಗುತ್ತವೆ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ. ಈಚೆಗೆ ಒಂದು ಮನೆಯವರು ತಾತನ ಪುಸ್ತಕವೊಂದನ್ನು ನಮ್ಮ ವಿಹಾರಕ್ಕೆ ತಂದುಕೊಟ್ಟರು. ರಟ್ಟು ಕಿತ್ತುಹೋಗಿದೆ. ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದ ಕೆಂಪಾಗಿದೆ. ಹಾಳೆ ತಿರುವಿದರೆ ಅಂಚು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಹುಳು ಬೀಳದಿರಲಿ ಅಂತ ನಡುನಡುವೆ ಬೇವಿನ ಎಲೆ ಇಟ್ಟಿದ್ದಾರೆ. ಪಂಚಶೀಲದ ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ. ಇಂಥದ್ದನ್ನು ಹಾಗೇ ಬಿಟ್ಟರೆ ಇನ್ನು ಕೆಲವು ಮಳೆಗಾಲ ತಡೆಯುವುದು ಕಷ್ಟ.

ಇನ್ನೊಂದು ಚಿಂತೆಯೂ ಇದೆ. ಇವೆಲ್ಲ ತಮಿಳಿನಲ್ಲಿವೆ. ನಮ್ಮ ಮಕ್ಕಳು ಮನೆಯಲ್ಲಿ ತಮಿಳು ಮಾತಾಡಿದರೂ ಶಾಲೆಯಲ್ಲಿ ಓದುವುದು ಕನ್ನಡ, ಇಂಗ್ಲಿಷ್. ತಾತ ಗೆರೆ ಎಳೆದ ಸಾಲನ್ನು ಮೊಮ್ಮಗಳು ಓದಲಾರಳು. ಅದಕ್ಕೇ ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಆಯ್ದ ಬರಹಗಳನ್ನು ಕನ್ನಡಕ್ಕೆ ತರಬೇಕು ಅಂತ ನಮ್ಮ ವಿಹಾರ ಸಮಿತಿ ತೀರ್ಮಾನ ಮಾಡಿದೆ. ಕೊಟ್ಟವರ ಪುಸ್ತಕ ಅವರಿಗೇ ವಾಪಸ್ಸು.

ಈಗ ಮಕ್ಕಳ ವಿಷಯಕ್ಕೆ ಬರೋಣ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಇಲ್ಲಿನ ಎಷ್ಟೋ ಮನೆಗಳಿಗೆ ಬೆಂಗಳೂರೇ ಗತಿ. ಅಪ್ಪ ಅಮ್ಮ ಇಬ್ಬರೂ ನಸುಕಿನ ರೈಲು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಶಾಲೆ ಮುಗಿಸಿ ಮನೆಗೆ ಬಂದ ಮಕ್ಕಳಿಗೆ ಕೂತು ಓದಿಸುವವರು ಯಾರೂ ಇರುವುದಿಲ್ಲ. ಅವರಿಗಾಗಿಯೇ ವಿಹಾರದ ಹಾಲ್‌ನಲ್ಲಿ ದಿನಾ ಸಂಜೆ 6ರಿಂದ 8ರವರೆಗೆ ಪಾಠ ನಡೆಸುತ್ತಿದ್ದೇವೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ಇಂಗ್ಲಿಷ್, ವಿಜ್ಞಾನದ ಕಡೆ ಜಾಸ್ತಿ ಗಮನ. ಪಾಠಕ್ಕೆ ಯಾವ ಜಾತಿ, ಧರ್ಮದ ಮಗುವಾದರೂ ಬರಬಹುದು, ಬರುತ್ತಲೂ ಇವೆ. ಮುಗಿದ ಮೇಲೆ ಇಷ್ಟ ಇದ್ದವರು ಕೂತು ತ್ರಿಶರಣ, ಪಂಚಶೀಲ ಹೇಳುತ್ತಾರೆ. ಪುಟ್ಟ ಮಕ್ಕಳು ಪಾಲಿಯ ‘ಬುದ್ಧಂ ಸರಣಂ ಗಚ್ಛಾಮಿ’ಯನ್ನು ಕನ್ನಡ ಅಕ್ಷರದಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸುವುದನ್ನು ನೋಡಲಾದರೂ ನೀವೊಮ್ಮೆ ಬರಬೇಕು.

ಇಷ್ಟು ದಿನ ನಮ್ಮ ನಮ್ಮಲ್ಲೇ ಚಂದಾ ಎತ್ತಿ ನಡೆಸಿದೆವು. ಈಗ ಕೈ ಸಾಲುತ್ತಿಲ್ಲ. ಪಾಠ ಹೇಳುವವರು ಇಲ್ಲಿನವರೇ, ಡಿಗ್ರಿ ಮುಗಿಸಿದ ಹುಡುಗಿಯರು. ತಿಂಗಳಿಗೆ 5,000 ರೂಪಾಯಿಯಾದರೂ ಕೊಡದಿದ್ದರೆ ಅವರೂ ಬೆಳಗಿನ ರೈಲು ಹತ್ತಬೇಕಾಗುತ್ತದೆ. 1,500 ರೂಪಾಯಿ ಕೊಟ್ಟರೆ ಒಂದು ಮಗುವಿಗೆ ವರ್ಷದ ನೋಟ್‌ಬುಕ್, ಬ್ಯಾಗು, ಜಾಮಿಟ್ರಿ ಬಾಕ್ಸ್ ಆಗುತ್ತದೆ. ಪುಸ್ತಕಗಳಿಗೆ ಒಂದು ಒಳ್ಳೇ ಸ್ಕ್ಯಾನರ್ ಬೇಕು, ಗೆದ್ದಲು ಹತ್ತದ ಎರಡು ಕಬ್ಬಿಣದ ಬೀರು ಬೇಕು. ಹಳೇ ತಮಿಳು ಬಲ್ಲವರು, ಕನ್ನಡಕ್ಕೆ ಅನುವಾದ ಮಾಡಬಲ್ಲವರು ನಿಮ್ಮಲ್ಲಿದ್ದರೆ ಅವರ ಸಮಯವೇ ನಮಗೆ ದೊಡ್ಡ ದೇಣಿಗೆ. ನೂರು ರೂಪಾಯಿ ಕೊಡುವವರೂ ಸಂಕೋಚ ಪಡಬೇಡಿ.

ಶಾಲೆಗಳು ಜೂನ್ ಹೊತ್ತಿಗೆ ಶುರುವಾಗುತ್ತವೆ. ಅದಕ್ಕೆ ಮುಂಚೆ, ಬುದ್ಧ ಪೂರ್ಣಿಮೆಯ ಒಳಗೆ ಕೊಟ್ಟರೆ ಬಹಳ ಅನುಕೂಲ. ಭಾನುವಾರ ಬೆಳಿಗ್ಗೆ ವಂದನೆ ಆದ ಮೇಲೆ ಸಮಿತಿಯವರು ವಿಹಾರದಲ್ಲೇ ಇರುತ್ತಾರೆ. ನಗದು, ಚೆಕ್ ಯಾವುದಾದರೂ ಸರಿ, ರಸೀದಿ ತಪ್ಪದೆ ಪಡೆಯಿರಿ. ಪ್ರತಿ ತಿಂಗಳ ಖರ್ಚಿನ ಲೆಕ್ಕ ವಿಹಾರದ ನೋಟೀಸ್ ಬೋರ್ಡಿನಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು, ಕೇಳಬಹುದು.

— ವಿಹಾರ ಸಮಿತಿಯ ಪರವಾಗಿ, ಕೆಜಿಎಫ್, ಕೋಲಾರ ಜಿಲ್ಲೆ