ಬಲ್ಬ್ ಬದಲಿಸಿ, ಎದುರಿನವರ ಕಣ್ಣು ಕುಕ್ಕಬೇಡಿ

ಮಾನ್ಯ ಸಂಪಾದಕರೇ,

ರಾತ್ರಿ ಎದುರಾಗುವ ಬೈಕುಗಳಲ್ಲಿ ಎರಡು ಬಗೆಯವು ಕಾಟ ಕೊಡುತ್ತವೆ. ಹೆಡ್‌ಲೈಟೇ ಇಲ್ಲದೆ ಕತ್ತಲಲ್ಲಿ ಬಂದುಬಿಡುವವು ಒಂದು ಬಗೆ. ಬೆಳ್ಳನೆಯ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡು ನಮಗೆ ರಸ್ತೆಯೇ ಕಾಣದಂತೆ ಮಾಡುವವು ಇನ್ನೊಂದು. ಕಂಪನಿಯವರು ಹಾಕಿದ ಬಲ್ಬ್ ಸುಟ್ಟುಹೋದಾಗ ಮೊದಲನೆಯವರು ನಾಳೆ ನೋಡೋಣ ಎಂದು ಬಿಟ್ಟಿರುತ್ತಾರೆ, ಎರಡನೆಯವರು ಅಂಗಡಿಯವನು ಕೊಟ್ಟದ್ದನ್ನು ಹಾಕಿಸಿಕೊಂಡಿರುತ್ತಾರೆ. ಕಣ್ಣು ಕುಕ್ಕುವ ದೀಪಗಳ ವಿರುದ್ಧ ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ಶುರು ಮಾಡಿದರು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ. ಅದಕ್ಕಿಂತ ಕಡಿಮೆ ಬೆಲೆಗೆ ಸರಿಯಾದ ಹ್ಯಾಲೋಜನ್ ಬಲ್ಬ್ ಬರುತ್ತದೆ. ಮನೆಯಲ್ಲೇ ಹಾಕಿಕೊಳ್ಳಲು ಅರ್ಧ ಗಂಟೆ ಸಾಕು.

ಅಂಗಡಿಗೆ ಹೋಗಿ ಬರೀ "ಬೈಕಿನ ಬಲ್ಬ್ ಕೊಡಿ" ಎನ್ನಬೇಡಿ. ಸ್ಪ್ಲೆಂಡರಿನಂಥ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಎಸ್1 ನಮೂನೆಯ ಬಲ್ಬ್, 12 ವೋಲ್ಟ್ 35/35 ವ್ಯಾಟ್ (ಮೊದಲ ಅಂಕಿ ಬ್ರೈಟ್‌ಗೆ, ಎರಡನೆಯದು ಡಿಮ್‌ಗೆ). ಹ್ಯಾಲೋಜನ್ ದೀಪವಿರುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂಥವುಗಳಲ್ಲಿ ಎಚ್4, 60/55 ವ್ಯಾಟ್. ನೋಡಲು ಎರಡೂ ಅಣ್ಣತಮ್ಮಂದಿರಂತಿವೆ, ಹಿಂದೆ ಮೂರು ಪಿನ್ನು, ಮುಂದೆ ತಟ್ಟೆಯಲ್ಲಿ ಮೂರು ಕಿವಿ. ಕಿವಿಗಳ ಅಳತೆ ಮಾತ್ರ ಬೇರೆ. ಅರದಿಂದ ಉಜ್ಜಿ ಎಚ್4 ಬಲ್ಬನ್ನು ಎಚ್‌ಎಸ್1ರ ಜಾಗದಲ್ಲಿ ಕೂರಿಸುವ ಜಾಣರಿದ್ದಾರೆ. 35 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು 3 ಆಂಪಿಯರ್, 60 ವ್ಯಾಟಿನದು 5, ಮಾರುಕಟ್ಟೆಯಲ್ಲಿ ಸಿಗುವ 100/90 ಎಂಟಕ್ಕೂ ಹೆಚ್ಚು. ವೈರು, ಡಿಮ್-ಬ್ರೈಟ್ ಸ್ವಿಚ್, ಹೋಲ್ಡರ್ ಎಲ್ಲವೂ ಮೊದಲಿನ ಲೆಕ್ಕಕ್ಕೇ ಮಾಡಿದವು. ಹೋಲ್ಡರ್ ಕರಗಿ ಕಪ್ಪಾಗುವುದು, ಸ್ವಿಚ್ಚಿನಿಂದ ಸುಟ್ಟ ವಾಸನೆ ಬರುವುದು ಅಲ್ಲಿಂದಲೇ. ಹಳೇ ಬಲ್ಬಿನ ತಳದಲ್ಲಿ ನಮೂನೆ, ವ್ಯಾಟ್ ಎರಡೂ ಅಚ್ಚಾಗಿರುತ್ತವೆ. ಅದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಒಳ್ಳೆಯದು.

ಬಿಚ್ಚುವ ಮೊದಲು ಹೋದದ್ದು ಬಲ್ಬೇ ಹೌದೋ ನೋಡಿಕೊಳ್ಳಿ. ಡಿಮ್ ಮಾತ್ರ ಹೋಗಿ ಬ್ರೈಟ್ ಹತ್ತುತ್ತಿದ್ದರೆ, ಅಥವಾ ಬ್ರೈಟ್ ಹೋಗಿ ಡಿಮ್ ಉಳಿದಿದ್ದರೆ, ಹೆಚ್ಚಾಗಿ ಒಂದು ಫಿಲಮೆಂಟ್ (ಒಳಗೆ ಉರಿಯುವ ತಂತಿ) ತುಂಡಾಗಿದೆ ಎಂದರ್ಥ. ಎರಡೂ ಇಲ್ಲದಿದ್ದರೆ ಫ್ಯೂಸ್, ಕಪ್ಲರ್ (ಬಲ್ಬಿನ ಪಿನ್ನಿಗೆ ಸಿಕ್ಕಿಸುವ ಹೋಲ್ಡರ್), ಅರ್ಥ್ ವೈರ್ ನೋಡಬೇಕು. ಅನೇಕ ಬೈಕುಗಳಲ್ಲಿ ಎಂಜಿನ್ ಸ್ಟಾರ್ಟ್ ಆಗದೆ ಹೆಡ್‌ಲೈಟ್ ಹತ್ತುವುದೇ ಇಲ್ಲ, ಬರೀ ಕೀ ಆನ್ ಮಾಡಿ ತೀರ್ಮಾನಕ್ಕೆ ಬರಬೇಡಿ.

ಗಾಡಿ ಓಡಿಸಿ ಬಂದ ಕೂಡಲೇ ಕೈ ಹಾಕಬೇಡಿ. ಕೀ ತೆಗೆದು ಇಪ್ಪತ್ತು ನಿಮಿಷ ಆರಲು ಬಿಡಿ. ಡೂಮ್ (ದೀಪದ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ) ಇರುವ ಬೈಕಿನಲ್ಲಿ ಅಕ್ಕಪಕ್ಕದ ಬೋಲ್ಟ್ ಬಿಚ್ಚಬೇಕು, ಸಾಮಾನ್ಯವಾಗಿ 8 ಅಥವಾ 10 ನಂಬರ್ ಸ್ಪ್ಯಾನರ್ ಸಾಕು. ದುಂಡು ದೀಪವಾದರೆ ರಿಮ್ಮಿನ ಸ್ಕ್ರೂ ತೆಗೆಯಬೇಕು. ಬಿಚ್ಚಿದ ಮೇಲೆ ದೀಪವನ್ನು ವೈರಿನ ಮೇಲೆ ನೇತಾಡಲು ಬಿಡದೆ ಒಂದು ಕೈಯಲ್ಲಿ ಹಿಡಿದಿರಿ. ಕಪ್ಲರನ್ನು ನೇರ ಹಿಂದಕ್ಕೆ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಬಲ್ಬಿನ ಹಿಂದೆ ಮುಚ್ಚಿರುವ ರಬ್ಬರ್ ಬೂಟ್ ತೆಗೆದರೆ ಒಳಗೆ ತಂತಿಯ ಕ್ಲಿಪ್ಪು. ಅದನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ.

ಹಳೇ ಬಲ್ಬನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿಯಿರಿ. ಗಾಜು ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಅದು ಗುಂಡಿ ರಸ್ತೆಯ ಕುಲುಕಾಟದ ಕೆಲಸವಿರಬಹುದು. ಒಳಗೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಸೀಳಿ ಗಾಳಿ ಹೊಕ್ಕಿದೆ. ಕಪ್ಪಾಗಿದ್ದರೆ ಆಯುಸ್ಸು ಮುಗಿದಿದೆ, ಇಲ್ಲವೇ ವೋಲ್ಟೇಜ್ ಜಾಸ್ತಿ ಬರುತ್ತಿದೆ. ಡಿಮ್, ಬ್ರೈಟ್ ಎರಡೂ ಒಂದೇ ಸಲಕ್ಕೆ ಹೋಗಿದ್ದರಂತೂ ಆರ್‌ಆರ್ ಯೂನಿಟ್ (ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಮೇಲೆ ಅನುಮಾನ ಪಡಿ. ಎಂಜಿನನ್ನು ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿ ಪಿನ್ನುಗಳ ನಡುವೆ ವೋಲ್ಟ್‌ಮೀಟರ್ 13.5ರಿಂದ 14.5 ವೋಲ್ಟ್ ತೋರಿಸಬೇಕು. 15 ದಾಟಿದರೆ ಹೊಸ ಬಲ್ಬ್ ಹಾಕಿದರೂ ಉಳಿಯದು. ವೋಲ್ಟೇಜ್ ಬರೀ ನೂರಕ್ಕೆ ಐದು ಏರಿದರೂ ಹ್ಯಾಲೋಜನ್ನಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. "ಮೂರು ತಿಂಗಳಿಗೊಂದು ಬಲ್ಬ್ ತಿನ್ನುತ್ತದೆ" ಎಂಬ ದೂರಿಗೆ ಇಲ್ಲಿ ಉತ್ತರ ಸಿಗುವುದುಂಟು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುವುದರಿಂದ ಬಲ್ಬ್ ಮೊದಲಿಗಿಂತ ಬೇಗ ಸವೆಯುತ್ತದೆ ಎಂಬುದೂ ನಿಜವೇ.

ಹೊಸ ಬಲ್ಬನ್ನು ತಳದ ಲೋಹದಲ್ಲೇ ಹಿಡಿಯಿರಿ. ಗಾಜಿಗೆ ಬೆರಳು ತಾಗಿದರೆ ಅಂಟಿದ ಜಿಡ್ಡು ಉರಿಯುವಾಗ ಆ ಜಾಗವನ್ನಷ್ಟೇ ಹೆಚ್ಚು ಕಾಯಿಸಿ ಗಾಜು ಹಾಳಾಗುತ್ತದೆ. ತಾಗಿದ್ದರೆ ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮೂರು ಕಿವಿಗಳಲ್ಲಿ ಅಗಲವಾದದ್ದು ಮೇಲಕ್ಕೆ ಬರಬೇಕು, ಮೂರೂ ತಮ್ಮ ಕಚ್ಚಿನಲ್ಲಿ ಸರಿಯಾಗಿ ಕೂರಬೇಕು. ಇದು ಬರೀ ಹೊಂದಿಸುವ ಮಾತಲ್ಲ. ಡಿಮ್ ಫಿಲಮೆಂಟಿನ ಅಡಿ ಒಂದು ಪುಟ್ಟ ಲೋಹದ ಬಟ್ಟಲಿದೆ. ಬೆಳಕು ದೀಪದೊಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು ರಸ್ತೆಗೆ ಇಳಿಯುವಂತೆ ನೋಡಿಕೊಳ್ಳುವುದು ಅದೇ. ಬಲ್ಬ್ ಓರೆಯಾಗಿ ಕೂತರೆ ಆ ಬೆಳಕು ಎದುರಿನವರ ಮುಖಕ್ಕೆ ಹೋಗುತ್ತದೆ. ಕ್ಲಿಪ್ ಹಾಕಿದ ಮೇಲೆ ಬಲ್ಬನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಅಲುಗಬಾರದು. ರಬ್ಬರ್ ಬೂಟನ್ನು ಮರೆತರೆ ಅಥವಾ ತಿರುಗಿಸಿ ಹಾಕಿದರೆ ಮಳೆಗಾಲದಲ್ಲಿ ನೀರು ಹೊಕ್ಕು ರಿಫ್ಲೆಕ್ಟರಿನ ಹೊಳಪು ಹೋಗುತ್ತದೆ. ಹೋಲ್ಡರ್ ಕಂದುಗಟ್ಟಿದ್ದರೆ, ಪಿನ್ನು ಸಡಿಲವಿದ್ದರೆ ಅದನ್ನೂ ಆಗಲೇ ಬದಲಿಸಿ. ಸಡಿಲ ಪಿನ್ನು ಬಿಸಿಯಾಗಿ ಹೊಸ ಬಲ್ಬಿನ ತಳವನ್ನೂ ಸುಡುತ್ತದೆ.

ಎಲ್‌ಇಡಿ ಹಾಕಿದರೆ ಆಗದೇ ಎಂದು ಕೇಳುವವರು ಬಹಳ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ಮಾಡಿದ ದೀಪದ ಮಾತು ಬೇರೆ. ಹ್ಯಾಲೋಜನ್ ರಿಫ್ಲೆಕ್ಟರಿನ ಲೆಕ್ಕವೆಲ್ಲ ಫಿಲಮೆಂಟ್ ಇರುವ ಒಂದು ಬಿಂದುವಿನ ಮೇಲೆ ನಿಂತಿದೆ. ಬದಲಿ ಎಲ್‌ಇಡಿಯ ಚಿಪ್ಪುಗಳು ಅದೇ ಬಿಂದುವಿನಲ್ಲಿ, ಅದೇ ಆಕಾರದಲ್ಲಿ ಇಲ್ಲದಿದ್ದರೆ ಬೆಳಕು ಚದುರುತ್ತದೆ. ಓಡಿಸುವವನಿಗೆ ಮುಂದಿನ ಹತ್ತು ಅಡಿ ಫಳಫಳ, ದೂರದ ಗುಂಡಿ ಕಾಣದು. ಎಲ್‌ಇಡಿಯನ್ನು ತಣಿಸಲು ಹಿಂದಿರುವ ಫ್ಯಾನು ಉದ್ದವಾಗಿ ರಬ್ಬರ್ ಬೂಟೂ ಕೂರದೆ ಹೋಗಬಹುದು. ಎಂಜಿನಿನೊಳಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟಿನಿಂದ ನೇರ ಎಸಿ ಕರೆಂಟ್ ಬರುವ ಹಳೇ ಬೈಕುಗಳಲ್ಲಿ ಇಂಥ ಬಲ್ಬ್ ಮಿಣುಕುವುದೂ ಉಂಟು.

ಬಲ್ಬ್ ಹಾಕಿದ ಮೇಲೆ ಬೆಳಕು ಎಲ್ಲಿ ಬೀಳುತ್ತದೆಂದು ನೋಡುವವರು ಅಪರೂಪ. ಟೈರಿಗೆ ಸರಿಯಾಗಿ ಗಾಳಿ ಹಾಕಿ, ಸಮ ನೆಲದಲ್ಲಿ ಗೋಡೆಗೆ 5 ಮೀಟರ್ ದೂರ ಬೈಕ್ ನಿಲ್ಲಿಸಿ, ಸೀಟಿನ ಮೇಲೆ ಒಬ್ಬರು ಕೂತಿರಲಿ. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ 5ರಿಂದ 10 ಸೆಂಟಿಮೀಟರ್ ಕೆಳಗಿರಬೇಕು. ಹೆಚ್ಚುಕಡಿಮೆಯಿದ್ದರೆ ದೀಪದ ಅಡಿಯ ಇಲ್ಲವೇ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಕೇಂದ್ರ ಮೋಟಾರು ವಾಹನ ನಿಯಮ 106 ಕೂಡ, 8 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ದೀಪ ಕುಕ್ಕಬಾರದು ಎಂದೇ ಹೇಳುತ್ತದೆ.

ಆದರೆ ಪೇಟೆಯ ಇಕ್ಕಟ್ಟಿನ ಮನೆಗಳವರಿಗೆ 5 ಮೀಟರ್ ಖಾಲಿ ಜಾಗ, ಎದುರಿಗೊಂದು ಗೋಡೆ ಎಲ್ಲಿ ಸಿಗಬೇಕು? ಹೊಗೆ ತಪಾಸಣೆಗೆಂದು ಬೈಕುಗಳು ಹೇಗೂ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗುತ್ತವೆ. ಅಂಥ ಕೇಂದ್ರಗಳಲ್ಲಿ, ಜಾಗವಿರುವ ಪೆಟ್ರೋಲ್ ಬಂಕುಗಳಲ್ಲಿ, ನೆಲದ ಮೇಲೆ ಒಂದು ಗೆರೆ, 5 ಮೀಟರ್ ಆಚೆಯ ಗೋಡೆಯ ಮೇಲೆ ಸೆಂಟಿಮೀಟರ್ ಗುರುತು ಬರೆಸುವಂತೆ ಸಾರಿಗೆ ಇಲಾಖೆ ಸೂಚಿಸಬೇಕು. ಒಂದು ಡಬ್ಬಿ ಬಣ್ಣದ ಖರ್ಚು. ರಾತ್ರಿ ತಪಾಸಣೆ ಮಾಡುವ ಪೊಲೀಸರೂ ದಂಡದ ಚೀಟಿಯ ಜೊತೆಗೆ ಹತ್ತಿರದ ಅಂಥ ಗೋಡೆ ಎಲ್ಲಿದೆ ಎಂದು ತಿಳಿಸಲಿ.

– ಒಬ್ಬ ದ್ವಿಚಕ್ರ ವಾಹನ ಮೆಕ್ಯಾನಿಕ್, ಹಾವೇರಿ