ಬಿಸಿಲಿಗೆ ಬಾಗಿದ ಎಲ್‌ಪಿ ರೆಕಾರ್ಡ್ ಬದಲಿಸಿಕೊಡುವ ಬಗ್ಗೆ

ಗೆ,
ದೂರು ವಿಭಾಗದ ಅಧಿಕಾರಿಗಳು

ಮಾನ್ಯರೇ,

ಮೇ 6ರಂದು ನಿಮ್ಮ ಆಪ್‌ನಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಕೋಲ್ಟ್ರೇನ್’ ಆಲ್ಬಮ್‌ನ ಎಲ್‌ಪಿ (ಗ್ರಾಮಫೋನ್ ತಟ್ಟೆ) ಆರ್ಡರ್ ಮಾಡಿ 2,850 ರೂಪಾಯಿ ಕಟ್ಟಿದ್ದೆ. 15ಕ್ಕೆ ಪಾರ್ಸೆಲ್ ಬಂತು. ಬಿಚ್ಚಿದರೆ ರೆಕಾರ್ಡ್ ಹೆಂಚಿನ ಮೇಲಿನ ರೊಟ್ಟಿ ಥರ ಒಂದು ಬದಿ ಉಬ್ಬಿ ಎದ್ದಿದೆ.

ಟ್ರ್ಯಾಕಿಂಗ್ ಪ್ರಕಾರ ಪಾರ್ಸೆಲ್ 11ಕ್ಕೇ ಕಲಬುರಗಿಗೆ ಬಂದಿತ್ತು. ನಾಲ್ಕು ದಿನ ನಿಮ್ಮ ತಗಡಿನ ಗೋದಾಮಿನಲ್ಲೇ ಬಿದ್ದಿತ್ತು. ಮೇ ತಿಂಗಳ ನಮ್ಮೂರ ಬಿಸಿಲು ಯಾರಿಗೆ ಗೊತ್ತಿಲ್ಲ? ಎಲ್‌ಪಿ ಪಿವಿಸಿ ಪ್ಲಾಸ್ಟಿಕ್‌ನದ್ದು. ಕಾದರೆ ಮೆತ್ತಗಾಗುತ್ತದೆ, ಮೇಲೆ ಭಾರ ಬಿದ್ದರೆ ಬಾಗುತ್ತದೆ. ನಾನೇ ಬಂದು ತಗೊಂಡು ಹೋಗ್ತೀನಿ ಅಂತ ಎರಡು ಸಲ ಫೋನ್ ಮಾಡಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದೂರು ಹೇಳಿದಾಗ ನಿಮ್ಮ ಕಸ್ಟಮರ್ ಕೇರ್‌ನವರು “ಅದೇ ಹಾಡು ಮೊಬೈಲ್‌ನಲ್ಲಿ ಫ್ರೀ ಸಿಗುತ್ತಲ್ವಾ ಸರ್” ಅಂದರು. ಈ ಮಾತೇ ನನಗೆ ಜಾಸ್ತಿ ನೋವಾಗಿದ್ದು.

ಹನ್ನೆರಡು ವರ್ಷದಿಂದ ಮದುವೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದೇನೆ. ಕೋಲ್ಟ್ರೇನ್ ಕೂಡ ವರ್ಷಗಟ್ಟಲೆ ಬೇರೆಯವರ ಬ್ಯಾಂಡ್‌ನಲ್ಲೇ ನುಡಿಸಿದವರು. ಮೊದಲು ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಆಮೇಲೆ ಇನ್ನೊಬ್ಬ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಬ್ಯಾಂಡ್. 1957ರ ವಸಂತದಲ್ಲಿ ಡೇವಿಸ್, ಕೋಲ್ಟ್ರೇನ್ ಅವರನ್ನು ಬ್ಯಾಂಡ್‌ನಿಂದ ಬಿಡಿಸಿದರು. ಕೋಲ್ಟ್ರೇನ್‌ಗೆ ಮಾದಕ ವಸ್ತುವಿನ ಚಟ ಹತ್ತಿತ್ತು. ಆ ಚಟ ಬಿಟ್ಟು ಎದ್ದರು. ಅದೇ ಮೇ 31ಕ್ಕೆ, 30ನೇ ವಯಸ್ಸಿನಲ್ಲಿ, ತಾವೇ ಮುಂದೆ ನಿಂತು ಈ ಆಲ್ಬಮ್ ನುಡಿಸಿದರು. ರೆಕಾರ್ಡ್ ಮಾಡಿದ್ದು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ. ಈ ದೀಪಾವಳಿಗೆ ನಾನೂ ಸ್ವಂತ ಬ್ಯಾಂಡ್ ಶುರು ಮಾಡ್ತಿದ್ದೇನೆ. ಅದಕ್ಕೇ ಮದುವೆ ಸೀಸನ್ ದುಡ್ಡಲ್ಲಿ ಮೊದಲು ಕೊಂಡದ್ದು ಇದನ್ನು.

ಎರಡನೇ ಬದಿಯ ಎರಡನೇ ಟ್ರ್ಯಾಕ್ ‘ವೈಲ್ ಮೈ ಲೇಡಿ ಸ್ಲೀಪ್ಸ್’. ಮೆಲ್ಲಗೆ ಸಾಗುತ್ತದೆ. ಕೊನೆಯಲ್ಲಿ ಒಂದೇ ಉಸಿರಿಗೆ ಒಂದಕ್ಕಿಂತ ಹೆಚ್ಚು ಸ್ವರ ಒಟ್ಟಿಗೆ ಹೊರಡುತ್ತವೆ. ತುಟಿ, ಬೆರಳು, ಉಸಿರು ಮೂರೂ ಹಿಡಿತದಲ್ಲಿದ್ದರೆ ಮಾತ್ರ ಬರುವ ಕೆಲಸ ಅದು. ನಾನು ತಿಂಗಳುಗಟ್ಟಲೆ ಪ್ರಯತ್ನ ಮಾಡಿದರೂ ನನಗಿನ್ನೂ ಬಂದಿಲ್ಲ. ಅದನ್ನೇ ರೆಕಾರ್ಡ್‌ನಲ್ಲಿ ಮತ್ತೆ ಮತ್ತೆ ಕೇಳಿ ಕಲಿಯಬೇಕಿತ್ತು. ಸರಿಯಾಗಿ ಅಲ್ಲೇ ಸೂಜಿ ಎಗರಿ ಮುಂದಕ್ಕೆ ಹೋಗುತ್ತದೆ. ಉಳಿದ ಕಡೆಯೂ ಶ್ರುತಿ ಏರಿಳಿದು ತೇಲಾಡುತ್ತದೆ. ಅದಕ್ಕೆ ಕಿವಿ ಕೊಟ್ಟರೆ ಕಲಿಕೆಯೇ ಹಾಳು.

ಸುಮ್ನೆ ದುಡ್ಡು ವಾಪಸ್ ಕೊಟ್ಟರೆ ಸಾಲದು. ಇದೇ ರೆಕಾರ್ಡ್ ಹೊಸದು ಬೇಕು. ಗಟ್ಟಿ ರಟ್ಟಿನ ನಡುವೆ ಇಟ್ಟು, ಪ್ಯಾಕಿನ ಮೇಲೆ ‘ಬಿಸಿಲಿಗೆ ಇಡಬೇಡಿ’ ಅಂತ ಬರೆದು ಕಳಿಸಿ. ಊರಿಗೆ ಬಂದ ದಿನವೇ ಮನೆಗೆ ತಲುಪಿಸಿ, ಇಲ್ಲವಾದರೆ ಫೋನ್ ಮಾಡಿ. ನಾನೇ ಬರುತ್ತೇನೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಬಿಲ್, ರೆಕಾರ್ಡ್‌ನ ಫೋಟೋ, ಸೂಜಿ ಎಗರುವ ವಿಡಿಯೋ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ
ಕಲಬುರಗಿ