ನಿರುದ್ಯೋಗ ಪರಿಹಾರ: ಕಾರ್ಮಿಕರಿಗೆ ನೆರವು ಕೇಂದ್ರ ಬೇಕು

ಮಾನ್ಯರೇ,

ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟಿದವರಿಗೆ ಕೆಲಸ ಹೋದಾಗ ಪರಿಹಾರ ಕೊಡುವ ಯೋಜನೆಯೊಂದಿದೆ ಎಂಬ ಸಂಗತಿಯೇ ಹುಬ್ಬಳ್ಳಿ–ಧಾರವಾಡದ ಎಷ್ಟೋ ಕಾರ್ಮಿಕರಿಗೆ ತಿಳಿದಿಲ್ಲ. 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅದು. ಸರಾಸರಿ ದಿನಗೂಲಿಯ ಶೇ 25ರಷ್ಟಿದ್ದ ಪರಿಹಾರವನ್ನು 2020ರಲ್ಲಿ ಶೇ 50ಕ್ಕೆ ಏರಿಸಲಾಯಿತು. ಗರಿಷ್ಠ 90 ದಿನಗಳಿಗೆ ಈ ಹಣ ಸಿಗುತ್ತದೆ. ಮಾಲೀಕರನ್ನು ಕಾಯದೆ ಕಾರ್ಮಿಕರೇ ನೇರವಾಗಿ ಅರ್ಜಿ ಹಾಕಬಹುದು ಎಂಬ ಸಡಿಲಿಕೆಯೂ ಆಗಲೇ ಬಂತು.

ಆದರೆ ತಿಳಿದವರೂ ಅರ್ಜಿಯ ಹಂತದಲ್ಲೇ ಸೋಲುತ್ತಿದ್ದಾರೆ. ನಮ್ಮ ಓಣಿಯ ಲೇತ್ ಕಾರ್ಮಿಕರೊಬ್ಬರ ಆಧಾರ್‌ನಲ್ಲಿ ಅಡ್ಡಹೆಸರು ಪೂರ್ತಿ ಇದೆ, ವಿಮಾ ದಾಖಲೆಯಲ್ಲಿ ಬರೀ ಇನಿಷಿಯಲ್. ನೋಂದಾಯಿಸಿದ ಮೊಬೈಲ್ ಸಂಖ್ಯೆ ಎಂದೋ ಬದಲಾಗಿದೆ, ಒಟಿಪಿ ಬರುವುದಿಲ್ಲ. ಕಾರ್ಖಾನೆಯವರು ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿಲ್ಲ. ಮನೆ ಬಾಡಿಗೆಗೆ ಪರದಾಡುತ್ತಿರುವ ಮನುಷ್ಯ ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ಎಷ್ಟು ದಿನ ಅಲೆಯಬೇಕು? ಇದು ದಾನವಲ್ಲ, ತಿಂಗಳು ತಿಂಗಳು ಸಂಬಳದಲ್ಲಿ ವಂತಿಗೆ ಮುರಿದುಕೊಟ್ಟವರ ಹಕ್ಕು.

ಗೋಕುಲ ರಸ್ತೆ, ತಾರಿಹಾಳ ಹಾಗೂ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ವಾರಕ್ಕೊಮ್ಮೆಯಾದರೂ ಇಎಸ್‌ಐ ಸಿಬ್ಬಂದಿ ಕುಳಿತು ಹೆಸರು, ಮೊಬೈಲ್ ಸಂಖ್ಯೆಗಳನ್ನು ಸ್ಥಳದಲ್ಲೇ ತಿದ್ದಿಕೊಡಲಿ. ಕೆಲಸದಿಂದ ತೆಗೆಯುವಾಗ ಬಾಕಿ ಲೆಕ್ಕದ ಜೊತೆಗೆ ಈ ಯೋಜನೆಯ ವಿವರವುಳ್ಳ ಒಂದು ಪುಟದ ಕನ್ನಡ ಸೂಚನಾಪತ್ರ ಕೊಡುವುದನ್ನು ಮಾಲೀಕರಿಗೆ ಕಡ್ಡಾಯ ಮಾಡಲಿ.

– ಓದುಗ, ಹುಬ್ಬಳ್ಳಿ